ಕರೆಂಟ್ ಹೋದರೆ ಭಾರ ಎಲ್ಲಿ ನಿಲ್ಲಬೇಕು? ಹೈಡ್ರಾಲಿಕ್ ವಾಲ್ವ್ ಆರಿಸುವವರಿಗೆ

ಪೀಣ್ಯದ ಒಂದು ಚಿಕ್ಕ ವರ್ಕ್‌ಶಾಪಿನಲ್ಲಿ ಲಿಫ್ಟ್ ಟೇಬಲ್ ಒಂದಿತ್ತು. ಸಂಜೆ ಮೇಲಕ್ಕೆತ್ತಿ ಬಿಟ್ಟು ಹೋದರೆ ಬೆಳಿಗ್ಗೆ ಒಂದು ಗೇಣು ಕೆಳಗೆ ಇಳಿದಿರುತ್ತಿತ್ತು. ಸಿಲಿಂಡರಿನ ಸೀಲ್ ಹೋಗಿದೆ ಅಂದುಕೊಂಡು ಎರಡು ಸಲ ಸೀಲ್ ಬದಲಾಯಿಸಿದರು. ಆಮೇಲೆ ಯಾರೋ ಹೇಳಿದರು ಅಂತ ಪೈಲಟ್ ಚೆಕ್ ವಾಲ್ವ್ ಕೂರಿಸಿದರು. ಎಣ್ಣೆ ವಾಪಸ್ ಬರದಂತೆ ತಡೆದು, ಇನ್ನೊಂದು ಲೈನಿನ ಪ್ರೆಶರ್ ಬಂದಾಗ ಮಾತ್ರ ಬಿಡುವ ವಾಲ್ವ್ ಅದು. ರಾತ್ರಿ ಇಳಿಯುವುದು ನಿಂತಿತು. ಆದರೆ ಹೊಸ ಕಾಟ ಶುರುವಾಯಿತು. ಕೆಳಗೆ ಇಳಿಸುವಾಗ ಬಟನ್ ಬಿಟ್ಟರೂ ಟೇಬಲ್ ತಕ್ಷಣ ನಿಲ್ಲದು. ಸ್ವಲ್ಪ ಸ್ವಲ್ಪ ಜಾರಿ, ತನಗೆ ಬೇಕಾದಲ್ಲಿ ನಿಲ್ಲುತ್ತಿತ್ತು. ಆಗ ನನ್ನನ್ನು ಕರೆದರು.

ಸೀಲ್ ಚೆನ್ನಾಗಿತ್ತು. ಚೆಕ್ ವಾಲ್ವೂ ಚೆನ್ನಾಗಿತ್ತು. ತಪ್ಪಿದ್ದದ್ದು ಸೊಲೆನಾಯ್ಡ್ ವಾಲ್ವಿನ, ಅಂದರೆ ಕರೆಂಟಿನ ಕಾಯಿಲಿನಿಂದ ಎಣ್ಣೆಯ ದಿಕ್ಕು ಬದಲಿಸುವ ವಾಲ್ವಿನ, ಆಯ್ಕೆಯಲ್ಲಿ. ಪವರ್ ಪ್ಯಾಕ್ (ಮೋಟರ್, ಪಂಪ್, ಟ್ಯಾಂಕ್ ಸೇರಿದ ಘಟಕ) ಮಾಡಿಸುವಾಗ "ಒಂದು ಡಬಲ್ ಸೊಲೆನಾಯ್ಡ್ ವಾಲ್ವ್ ಕೊಡಿ" ಅಂತಷ್ಟೇ ಕೇಳಿದ್ದರು. ಅಂಗಡಿಯವರು ಸ್ಟಾಕಿನಲ್ಲಿದ್ದದ್ದು ಕೊಟ್ಟಿದ್ದರು. ಇಂಥದ್ದನ್ನು ನಾನು ತುಂಬಾ ಸಲ ನೋಡಿದ್ದೇನೆ. ವಾಲ್ವ್ ಕೊಳ್ಳುವಾಗ ನಾವು ಸಿಲಿಂಡರ್ ಹೇಗೆ ಓಡಬೇಕು ಅಂತ ಯೋಚಿಸುತ್ತೇವೆ. ಹೇಗೆ ನಿಲ್ಲಬೇಕು ಅಂತ ಯೋಚಿಸುವುದಿಲ್ಲ. ನನ್ನ ಪ್ರಕಾರ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಕರೆಂಟ್ ಹೋದ ಆ ಕ್ಷಣ ಭಾರ ಎಲ್ಲಿರಬೇಕು? ಅಲ್ಲೇ ನಿಲ್ಲಬೇಕಾ, ನಿಧಾನಕ್ಕೆ ಇಳಿಯಬೇಕಾ, ಹಿಡಿತ ಬಿಡದೆ ಇರಬೇಕಾ? ಇದಕ್ಕೆ ಉತ್ತರ ಸಿಕ್ಕರೆ ಅರ್ಧ ವಾಲ್ವ್ ಆರಿಸಿದ ಹಾಗೆ.

ಮುಂದಿನ ಲೆಕ್ಕಕ್ಕೆಲ್ಲ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ಸಿಲಿಂಡರ್ ಬೋರ್, ಅಂದರೆ ಒಳವ್ಯಾಸ, 80 ಮಿ.ಮೀ., ರಾಡ್ 45 ಮಿ.ಮೀ. ಪಂಪ್ ನಿಮಿಷಕ್ಕೆ 20 ಲೀಟರ್ ಕೊಡುತ್ತದೆ. ಪ್ರೆಶರ್ ಮಿತಿ ದಾಟದಂತೆ ಎಣ್ಣೆಯನ್ನು ಟ್ಯಾಂಕಿಗೆ ಬಿಡುವ ರಿಲೀಫ್ ವಾಲ್ವ್ 160 ಬಾರ್‌ಗೆ (ಬಾರ್ ಅಂದರೆ ಪ್ರೆಶರಿನ ಅಳತೆ) ಸೆಟ್ ಆಗಿದೆ. ಇಷ್ಟರಲ್ಲಿ ಸುಮಾರು 8 ಟನ್ ಬಲ ಸಿಗುತ್ತದೆ. ಸಿಲಿಂಡರ್ ಸೆಕೆಂಡಿಗೆ ಸುಮಾರು 66 ಮಿ.ಮೀ. ಮುಂದಕ್ಕೆ ಬರುತ್ತದೆ. ನಮ್ಮ ಸಣ್ಣ ಕಾರ್ಖಾನೆಗಳ ಪ್ರೆಸ್, ಲಿಫ್ಟ್ ಟೇಬಲ್ ಎಲ್ಲ ಹೆಚ್ಚು ಕಡಿಮೆ ಇದೇ ಅಳತೆಯವು.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪಂಪ್ ಕೊಡುವುದು ಎಣ್ಣೆಯ ಹರಿವನ್ನು. ಪ್ರೆಶರ್ ಹುಟ್ಟುವುದು ಆ ಹರಿವಿಗೆ ಅಡ್ಡಿ ಬಂದಾಗ. ವಾಲ್ವ್‌ಗಳೆಲ್ಲ ಮಾಡುವುದು ಮೂರೇ ಕೆಲಸ: ಎಣ್ಣೆ ಯಾವ ಕಡೆ ಹೋಗಬೇಕು, ಎಷ್ಟು ಹೋಗಬೇಕು, ಎಷ್ಟು ಪ್ರೆಶರ್ ತನಕ ಏರಬಹುದು.

ನಡುವಿನ ಸ್ಥಾನ: ಎಲ್ಲಕ್ಕಿಂತ ಮುಖ್ಯ

ದಿಕ್ಕು ಬದಲಿಸುವ ವಾಲ್ವಿನ ಒಳಗೆ ಸ್ಪೂಲ್ ಅಂತ ಒಂದು ಉರುಟು ಕಡ್ಡಿ ಇರುತ್ತದೆ. ಅದು ಅತ್ತಿತ್ತ ಸರಿದು ದಾರಿ ತೆರೆಯುತ್ತದೆ, ಮುಚ್ಚುತ್ತದೆ. ಪೋರ್ಟ್ ನಾಲ್ಕು. ಪಿ ಅಂದರೆ ಪಂಪ್, ಟಿ ಅಂದರೆ ಟ್ಯಾಂಕ್, ಎ ಮತ್ತು ಬಿ ಸಿಲಿಂಡರಿನ ಎರಡು ತುದಿ. ಮೂರು ಸ್ಥಾನದ ವಾಲ್ವಿನಲ್ಲಿ ಎರಡು ಕಾಯಿಲಿಗೂ ಕರೆಂಟ್ ಇಲ್ಲದಿದ್ದಾಗ ಸ್ಪ್ರಿಂಗ್ ಸ್ಪೂಲನ್ನು ನಡುವಿಗೆ ತರುತ್ತದೆ. ಆಗ ಈ ನಾಲ್ಕು ಪೋರ್ಟುಗಳಲ್ಲಿ ಯಾವುದು ಯಾವುದಕ್ಕೆ ಸೇರಿರುತ್ತದೆ ಅನ್ನುವುದೇ ನಡುವಿನ ಸ್ಥಾನ. ಹೊರಗಿನಿಂದ ನೋಡಿದರೆ ಎಲ್ಲ ವಾಲ್ವೂ ಒಂದೇ ತರ ಕಾಣುತ್ತವೆ. ಮೈಮೇಲಿನ ಲೇಬಲ್ಲಿನ ಚಿತ್ರ ಓದದಿದ್ದರೆ ಗೊತ್ತಾಗುವುದೇ ಇಲ್ಲ.

ನಮ್ಮಲ್ಲಿ ಸಿಗುವವು ಮುಖ್ಯವಾಗಿ ನಾಲ್ಕು. ಒಂದೊಂದು ಕಂಪನಿಯ ಕೋಡ್ ಒಂದೊಂದು ತರ. ಬೆಂಗಳೂರಿನಲ್ಲಿ 1976ರಲ್ಲಿ ಶುರುವಾದ ಯೂಕೆನ್ ಇಂಡಿಯಾದ ಕೋಡ್ ಇಲ್ಲಿನ ಫಿಟ್ಟರುಗಳ ಬಾಯಲ್ಲಿ ಇರುವುದರಿಂದ ಅದನ್ನು ಹೇಳುತ್ತೇನೆ. ಪಕ್ಕದಲ್ಲಿ ರೆಕ್ಸ್‌ರೋತ್‌ನ ಅಕ್ಷರವನ್ನೂ ಕೊಡುತ್ತೇನೆ.

ಎಲ್ಲವೂ ಮುಚ್ಚಿರುವುದು 3ಸಿ2, ಅಥವಾ ಇ. ನೋಡುವುದಕ್ಕೆ ಅತಿ ಸುರಕ್ಷಿತ ಅನಿಸುತ್ತದೆ. ಆದರೆ ಒಂದೇ ಸಮ ಹರಿವು ಕೊಡುವ ಗೇರ್ ಪಂಪಿನ ಜೊತೆ ಇದನ್ನು ಹಾಕಿದರೆ, ಕೆಲಸ ಇಲ್ಲದಾಗಲೂ ಎಣ್ಣೆಗೆ ಹೋಗಲು ದಾರಿ ಇರುವುದಿಲ್ಲ. ಅದು ರಿಲೀಫ್ ವಾಲ್ವ್ ಒತ್ತಿಕೊಂಡು 160 ಬಾರ್‌ನಲ್ಲಿ ಟ್ಯಾಂಕಿಗೆ ಬೀಳುತ್ತದೆ. ಲೆಕ್ಕ ಹಾಕಿ: 20 ಲೀಟರನ್ನು 160ರಿಂದ ಗುಣಿಸಿ 600ರಿಂದ ಭಾಗಿಸಿದರೆ 5.3 ಕಿಲೋವ್ಯಾಟ್. ಮನೆಯಲ್ಲಿರುವ 2 ಕಿಲೋವ್ಯಾಟಿನ ಗೀಸರ್ ಎರಡೂವರೆಯನ್ನು ಟ್ಯಾಂಕಿನೊಳಗೆ ಇಟ್ಟ ಹಾಗೆ. ಎಣ್ಣೆ ಕಾಯುತ್ತದೆ, ತೆಳ್ಳಗಾಗುತ್ತದೆ, ಸೀಲ್ ಗಟ್ಟಿಯಾಗಿ ಬಿರಿಯುತ್ತದೆ. ಕೂಲರ್ ಹಾಕಿಸಿಕೊಳ್ಳಿ ಅಂತ ಸಲಹೆ ಕೊಡುವವರು ಜಾಸ್ತಿ. ಆದರೆ ಎಷ್ಟೋ ಕಡೆ ಬೇಕಾಗಿರುವುದು ಕೂಲರ್ ಅಲ್ಲ, ಬೇರೆ ಸ್ಪೂಲ್. ಬೇಕಾದಷ್ಟೇ ಹರಿವು ಕೊಡುವ ವೇರಿಯಬಲ್ ಪಂಪ್ ಇದ್ದರೆ, ಅಥವಾ ಪ್ರೆಶರಿನಲ್ಲಿ ಎಣ್ಣೆ ಕೂಡಿಡುವ ಅಕ್ಯುಮುಲೇಟರ್ ಇದ್ದರೆ, ಆಗ 3ಸಿ2 ಸರಿ.

ಪಿ ಮತ್ತು ಟಿ ಸೇರಿ, ಎ ಮತ್ತು ಬಿ ಮುಚ್ಚಿರುವುದು ಟ್ಯಾಂಡೆಮ್. 3ಸಿ60, ಅಥವಾ ಜಿ. ಕೆಲಸ ಇಲ್ಲದಾಗ ಪಂಪ್ ಹಗುರವಾಗಿ ತಿರುಗುತ್ತದೆ. 5 ಬಾರ್ ಅಡ್ಡಿ ಅಂದುಕೊಂಡರೂ ವ್ಯರ್ಥವಾಗುವುದು 0.17 ಕಿಲೋವ್ಯಾಟ್ ಮಾತ್ರ. ಒಂದೇ ಸಿಲಿಂಡರ್ ಇರುವ, ಅಡ್ಡ ಮಲಗಿರುವ ಪ್ರೆಸ್ಸಿಗೆ ಇದು ಒಳ್ಳೆಯ ಆಯ್ಕೆ. ಆದರೆ ಒಂದೇ ಮ್ಯಾನಿಫೋಲ್ಡಿನ (ವಾಲ್ವ್‌ಗಳು ಕೂರುವ, ಒಳಗೆ ಎಣ್ಣೆಯ ದಾರಿ ಇರುವ ಬ್ಲಾಕ್) ಮೇಲೆ ಇಂಥ ಎರಡು ವಾಲ್ವನ್ನು ಅಕ್ಕಪಕ್ಕ ಕೂರಿಸಬೇಡಿ. ಒಂದರಲ್ಲಿ ಕೆಲಸ ನಡೆಯುವಾಗ ಇನ್ನೊಂದು ನಡುವಿನಲ್ಲಿ ನಿಂತು ಎಣ್ಣೆಯನ್ನೆಲ್ಲ ಟ್ಯಾಂಕಿಗೆ ಬಿಟ್ಟುಬಿಡುತ್ತದೆ. ಪ್ರೆಶರ್ ಏರುವುದೇ ಇಲ್ಲ. ಪಂಪ್ ಹೋಗಿದೆ ಅಂತ ಪಂಪ್ ಬಿಚ್ಚಿದವರನ್ನೂ ಕಂಡಿದ್ದೇನೆ.

ಪಿ ಮುಚ್ಚಿ, ಎ, ಬಿ, ಟಿ ಮೂರೂ ಸೇರಿರುವುದು 3ಸಿ4, ಅಥವಾ ಜೆ. ನಾಲ್ಕೂ ಸೇರಿರುವುದು 3ಸಿ3, ಅಥವಾ ಎಚ್. ಇವೆರಡರಲ್ಲೂ ಸಿಲಿಂಡರಿನ ಎರಡು ಲೈನೂ ಟ್ಯಾಂಕಿಗೆ ತೆರೆದಿರುತ್ತವೆ. ಹಾಗಾದರೆ ಭಾರ ಬೀಳುವುದಿಲ್ಲವೇ? ಸುಮ್ನೆ ಹಾಗೇ ಹಾಕಿದರೆ ಖಂಡಿತ ಬೀಳುತ್ತದೆ. ಜೊತೆಗೆ ಚೆಕ್ ವಾಲ್ವ್ ಇದ್ದಾಗ ಮಾತ್ರ ಇವು ಬೇಕು. ಆಗ ಇವೇ ಬೇಕು.

ಪೀಣ್ಯದ ಟೇಬಲ್ಲಿನ ಗುಟ್ಟು ಇಲ್ಲಿದೆ. ಅವರ ಬಳಿ ಇದ್ದದ್ದು ಟ್ಯಾಂಡೆಮ್. ಸ್ಪೂಲ್ ಸರಿಯಬೇಕಾದರೆ ಅದರ ಸುತ್ತ ಕೆಲವು ಮೈಕ್ರಾನ್ ಸಂದು ಇರಲೇಬೇಕು. ಆ ಸಂದಿನಿಂದ ಎಣ್ಣೆ ಸದಾ ಜಿನುಗುತ್ತದೆ. ಅದು ಕೆಟ್ಟಿರುವ ಲಕ್ಷಣ ಅಲ್ಲ, ಸ್ಪೂಲ್ ವಾಲ್ವಿನ ಗುಣವೇ ಅದು. ಹಾಗಾಗಿ ರಾತ್ರಿಯೆಲ್ಲ ಟೇಬಲ್ ಇಳಿಯುತ್ತಿತ್ತು. ಆಮೇಲೆ ಪೈಲಟ್ ಚೆಕ್ ಹಾಕಿದರು. ಅದು ತೆರೆಯುವುದು ಎದುರು ಲೈನಿನ ಪ್ರೆಶರಿನಿಂದ. ಮುಚ್ಚಬೇಕಾದರೆ ಆ ಪ್ರೆಶರ್ ಟ್ಯಾಂಕಿಗೆ ಇಳಿದು ಹೋಗಬೇಕು. ಟ್ಯಾಂಡೆಮ್ ವಾಲ್ವ್ ನಡುವಿಗೆ ಬಂದಾಗ ಎ, ಬಿ ಎರಡನ್ನೂ ಮುಚ್ಚಿಬಿಡುತ್ತದೆ. ಪೈಲಟ್ ಪ್ರೆಶರ್ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಅದು ಜಿನುಗಿ ಮುಗಿಯುವ ತನಕ ಚೆಕ್ ವಾಲ್ವ್ ಮುಚ್ಚುವುದಿಲ್ಲ, ಟೇಬಲ್ ಜಾರುತ್ತಲೇ ಇರುತ್ತದೆ. ಟ್ಯಾಂಡೆಮ್ ತೆಗೆದು 3ಸಿ3 ಕೂರಿಸಿದೆವು. ಅದೇ ಚೆಕ್ ವಾಲ್ವ್, ಅದೇ ಸಿಲಿಂಡರ್. ಬಟನ್ ಬಿಟ್ಟ ಜಾಗದಲ್ಲೇ ಟೇಬಲ್ ನಿಂತಿತು. ಪಂಪೂ ಹಗುರವಾಗಿಯೇ ತಿರುಗುತ್ತದೆ.

ಒಂದಕ್ಕಿಂತ ಹೆಚ್ಚು ಸಿಲಿಂಡರ್ ಇದ್ದರೆ 3ಸಿ4 ತೆಗೆದುಕೊಂಡು, ಪಂಪನ್ನು ಹಗುರ ಮಾಡಲು ಬೇರೆಯೇ ಒಂದು ಅನ್‌ಲೋಡಿಂಗ್ ವಾಲ್ವ್ ಹಾಕಿ.

ಭಾರ ಹಿಡಿಯಲು: ಪೈಲಟ್ ಚೆಕ್ಕಾ, ಕೌಂಟರ್‌ಬ್ಯಾಲೆನ್ಸಾ?

ಎರಡೂ ಭಾರ ಹಿಡಿಯುತ್ತವೆ. ಎರಡರಲ್ಲೂ ಗುಂಡು ಅಥವಾ ಕೋನ್ ತನ್ನ ಸೀಟಿನ ಮೇಲೆ ಕೂತು ದಾರಿ ಮುಚ್ಚುತ್ತದೆ. ಆದ್ದರಿಂದ ಸ್ಪೂಲಿನ ಹಾಗೆ ಜಿನುಗುವುದಿಲ್ಲ. ವ್ಯತ್ಯಾಸ ಗೊತ್ತಾಗುವುದು ಭಾರ ಇಳಿಸುವಾಗ.

ಪೈಲಟ್ ಚೆಕ್ಕಿಗೆ ಗೊತ್ತಿರುವುದು ಎರಡೇ: ಪೂರ್ತಿ ತೆರೆ, ಪೂರ್ತಿ ಮುಚ್ಚು. ಭಾರ ತಾನಾಗಿ ಕೆಳಗೆ ಎಳೆಯುತ್ತಿದ್ದರೆ ಹೀಗಾಗುತ್ತದೆ. ಚೆಕ್ ತೆರೆಯುತ್ತದೆ, ಭಾರ ಪಂಪಿಗಿಂತ ಬೇಗ ಓಡುತ್ತದೆ, ಎದುರು ಲೈನಿನ ಪ್ರೆಶರ್ ಬೀಳುತ್ತದೆ, ಚೆಕ್ ಮುಚ್ಚುತ್ತದೆ. ಮತ್ತೆ ಪ್ರೆಶರ್ ಏರುತ್ತದೆ, ಮತ್ತೆ ತೆರೆಯುತ್ತದೆ. ಟಕಟಕ ಅಂತ ಇಡೀ ಫ್ರೇಮ್ ಅಲುಗುತ್ತದೆ. ಕೆಳಗೆ ಒಂದು ಥ್ರಾಟಲ್ (ಹರಿವು ತಗ್ಗಿಸುವ ಕಿರಿದಾದ ತೂತು) ಇಟ್ಟು ಇದನ್ನು ತಣಿಸಬಹುದು. ಸಣ್ಣ ಭಾರಕ್ಕೆ ಅಷ್ಟು ಸಾಕು. ನಮ್ಮ ಟೇಬಲ್ಲಿನಲ್ಲಿ ಅದನ್ನೇ ಮಾಡಿದೆವು.

ಕೌಂಟರ್‌ಬ್ಯಾಲೆನ್ಸ್ ವಾಲ್ವ್ ಬೇಕಾದಷ್ಟೇ ತೆರೆದುಕೊಳ್ಳುತ್ತದೆ. ಭಾರ ಓಡಲು ನೋಡಿದರೆ ತಾನೇ ಸ್ವಲ್ಪ ಮುಚ್ಚಿ ತಡೆಯುತ್ತದೆ. ಬೆಟ್ಟ ಇಳಿಯುವಾಗ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯುವ ಡ್ರೈವರ್ ಇದ್ದಾನಲ್ಲ, ಹಾಗೆ. ಸೆಟ್ಟಿಂಗ್ ಸುಲಭ. ಅತಿ ಹೆಚ್ಚು ಭಾರ ಇದ್ದಾಗ ಬರುವ ಪ್ರೆಶರಿನ 1.3 ಪಟ್ಟು. ನಮ್ಮ ಸಿಲಿಂಡರಿನ ಮೇಲೆ 3 ಟನ್ ನಿಂತರೆ ಕೆಳಗೆ ಸುಮಾರು 60 ಬಾರ್ ಬರುತ್ತದೆ. ವಾಲ್ವನ್ನು 80 ಬಾರ್ ಹತ್ತಿರ ಸೆಟ್ ಮಾಡಬೇಕು. ಇದರಲ್ಲಿ ಪೈಲಟ್ ಅನುಪಾತ ಅಂತ ಇನ್ನೊಂದು ಅಂಕಿ ಇರುತ್ತದೆ, ಅಂದರೆ ವಾಲ್ವ್ ತೆರೆಯುವುದರಲ್ಲಿ ಎದುರು ಲೈನಿನ ಪ್ರೆಶರಿಗೆ ಭಾರದ ಪ್ರೆಶರಿಗಿಂತ ಎಷ್ಟು ಪಟ್ಟು ಬಲ ಇದೆ ಅನ್ನುವುದು: 3ಕ್ಕೆ 1, 4.5ಕ್ಕೆ 1, 10ಕ್ಕೆ 1, ಹೀಗೆ. ಅಲುಗಾಡುವ ಭಾರಕ್ಕೆ, ಉದ್ದ ತೋಳಿನ ಕ್ರೇನಿಗೆ ಚಿಕ್ಕ ಅನುಪಾತ ತೆಗೆದುಕೊಳ್ಳಿ. ಇಳಿಸಲು ಸ್ವಲ್ಪ ಹೆಚ್ಚು ಪ್ರೆಶರ್ ಬೇಕಾಗುತ್ತದೆ, ಆದರೆ ನಡಿಗೆ ನಯವಾಗಿರುತ್ತದೆ. ಗಟ್ಟಿಯಾದ, ಅಲುಗದ ಭಾರಕ್ಕೆ ದೊಡ್ಡ ಅನುಪಾತ ನಡೆಯುತ್ತದೆ.

ನಾನು ಹೇಳುವುದು ಇಷ್ಟು. ಹಿಡಿದು ನಿಲ್ಲುವುದೇ ಮುಖ್ಯ ಕೆಲಸವಾದರೆ ಪೈಲಟ್ ಚೆಕ್. ಭಾರ ಹೊತ್ತು ಇಳಿಸುವುದೇ ಮುಖ್ಯ ಕೆಲಸವಾದರೆ ಕೌಂಟರ್‌ಬ್ಯಾಲೆನ್ಸ್, ಬೆಲೆ ಜಾಸ್ತಿಯಾದರೂ ಸರಿ. ಮನುಷ್ಯ ನಿಲ್ಲುವ ಬಕೆಟ್ ಇರುವ ಯಂತ್ರವಾದರೆ ಕೌಂಟರ್‌ಬ್ಯಾಲೆನ್ಸೇ, ಬೇರೆ ಯೋಚನೆಯೇ ಬೇಡ.

ಯಾವುದನ್ನೇ ಹಾಕಿ, ಸಿಲಿಂಡರಿನ ಪೋರ್ಟಿಗೇ ಹಾಕಿ. ಪವರ್ ಪ್ಯಾಕಿನ ಹತ್ತಿರ ವಾಲ್ವ್ ಇಟ್ಟು, ಅಲ್ಲಿಂದ ಮೂರು ಮೀಟರ್ ಹೋಸ್ ಎಳೆದರೆ, ಹೋಸ್ ಒಡೆದ ದಿನ ಆ ವಾಲ್ವ್ ಇದ್ದೂ ಪ್ರಯೋಜನವಿಲ್ಲ. ಭಾರ ನೇರ ಕೆಳಗೆ. ಯಾವ ವಾಲ್ವ್ ಇದ್ದರೂ ಎತ್ತಿದ ಭಾರದ ಕೆಳಗೆ ಕೈ ಹಾಕುವ ಮುನ್ನ ಕಬ್ಬಿಣದ ಆನಿಕೆ ಕೊಡಿ. ಟ್ರ್ಯಾಕ್ಟರ್ ಟ್ರೇಲರ್ ಎತ್ತಿ ಅದರ ಕೆಳಗೆ ಗ್ರೀಸ್ ಹೊಡೆಯುವವರಿಗೆ ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ವೇಗಕ್ಕೆ: ಥ್ರಾಟಲ್ಲಾ, ಕಾಂಪೆನ್ಸೇಟೆಡ್ಡಾ?

ಥ್ರಾಟಲ್ ಅಂದರೆ ಬರೀ ಒಂದು ಕಿರಿದಾದ ತೂತು, ತಿರುಗಿಸಿ ಹೆಚ್ಚು ಕಡಿಮೆ ಮಾಡುವಂಥದ್ದು. ಅಗ್ಗ, ಕೆಡುವುದು ಕಡಿಮೆ. ಕೊರತೆ ಒಂದೇ. ತೂತಿನಲ್ಲಿ ಹೋಗುವ ಎಣ್ಣೆ ಅದರ ಎರಡು ಬದಿಯ ಪ್ರೆಶರ್ ವ್ಯತ್ಯಾಸವನ್ನು ಅವಲಂಬಿಸುತ್ತದೆ. ವ್ಯತ್ಯಾಸ ಕಾಲು ಭಾಗಕ್ಕೆ ಇಳಿದರೆ ಹರಿವು ಅರ್ಧಕ್ಕೆ ಇಳಿಯುತ್ತದೆ. ಅಂದರೆ ಭಾರ ಬದಲಾದ ಹಾಗೆಲ್ಲ ವೇಗ ಬದಲಾಗುತ್ತದೆ. ಖಾಲಿ ಟೇಬಲ್ ಒಂದು ವೇಗ, ತುಂಬಿದ ಟೇಬಲ್ ಇನ್ನೊಂದು ವೇಗ.

ಪ್ರೆಶರ್ ಕಾಂಪೆನ್ಸೇಟೆಡ್ ಫ್ಲೋ ಕಂಟ್ರೋಲಿನ ಒಳಗೆ ಇನ್ನೊಂದು ಪುಟ್ಟ ಸ್ಪೂಲ್ ಇರುತ್ತದೆ. ತೂತಿನ ಎರಡು ಬದಿಯ ವ್ಯತ್ಯಾಸವನ್ನು ಅದು ಒಂದೇ ಮಟ್ಟದಲ್ಲಿ ಹಿಡಿದಿಡುತ್ತದೆ. ಭಾರ ಎಷ್ಟೇ ಇರಲಿ, ವೇಗ ಹೆಚ್ಚು ಕಡಿಮೆ ಒಂದೇ. ಡ್ರಿಲ್ಲಿಂಗ್ ಫೀಡ್, ಗ್ರೈಂಡಿಂಗ್ ಟೇಬಲ್ ಇಂಥವಕ್ಕೆ ಇದೇ ಬೇಕು. ಕಸದ ಬೇಲಿಂಗ್ ಪ್ರೆಸ್ಸಿಗೆ ಇದು ದಂಡ ಖರ್ಚು.

ಯಾವ ಬದಿಯಲ್ಲಿ ಹಿಡಿಯಬೇಕು ಅನ್ನುವುದು ಇದಕ್ಕಿಂತ ದೊಡ್ಡ ಪ್ರಶ್ನೆ. ಸಿಲಿಂಡರಿಗೆ ಹೋಗುವ ಎಣ್ಣೆಯನ್ನು ಹಿಡಿದರೆ ಮೀಟರ್ ಇನ್. ಹೊರಬರುವ ಎಣ್ಣೆಯನ್ನು ಹಿಡಿದರೆ ಮೀಟರ್ ಔಟ್. ಭಾರ ಸದಾ ಎದುರು ನಿಂತು ತಳ್ಳುತ್ತಿದ್ದರೆ ಮೀಟರ್ ಇನ್ ಸಾಕು. ಭಾರ ಸಿಲಿಂಡರನ್ನು ಎಳೆದುಕೊಂಡು ಹೋಗುವಂತಿದ್ದರೆ ಮೀಟರ್ ಔಟ್ ಬೇಕೇ ಬೇಕು. ಡ್ರಿಲ್ ಬಿಟ್ ಕಬ್ಬಿಣದ ಇನ್ನೊಂದು ಬದಿಗೆ ತೂರಿಕೊಂಡಾಗ ಹೆಡ್ ಮುಂದಕ್ಕೆ ಹಾರುತ್ತದಲ್ವಾ? ಅದನ್ನು ತಡೆಯುವುದು ಮೀಟರ್ ಔಟ್.

ಆದರೆ ಮೀಟರ್ ಔಟ್‌ನಲ್ಲಿ ಒಂದು ಅಪಾಯ ಇದೆ. ನಮ್ಮ ಸಿಲಿಂಡರಿನಲ್ಲಿ ರಾಡ್ ಬದಿಯ ವಿಸ್ತೀರ್ಣ ಚಿಕ್ಕದು, ಬೋರ್ ಬದಿ ಅದರ 1.46 ಪಟ್ಟು. ಸಿಲಿಂಡರ್ ಮುಂದೆ ಬರುವಾಗ ರಾಡ್ ಬದಿಯಲ್ಲಿ ಎಣ್ಣೆಯನ್ನು ತಡೆದರೆ, ಎದುರಿಗೆ ಭಾರ ಇಲ್ಲದಿದ್ದರೂ ಅಲ್ಲಿ 160 ಅಲ್ಲ, 234 ಬಾರ್ ತನಕ ಏರಬಹುದು. ಎಳೆಯುವ ಭಾರ ಸೇರಿದರೆ ಇನ್ನೂ ಹೆಚ್ಚು. ಪಂಪ್ ಹತ್ತಿರದ ಗೇಜಿನಲ್ಲಿ ಇದು ಕಾಣುವುದೇ ಇಲ್ಲ. 160 ಬಾರ್ ನೋಡಿ ಹೋಸ್ ತಂದವರು ಇಲ್ಲಿ ಏಟು ತಿನ್ನುತ್ತಾರೆ. ಹೋಸ್ ಹೊರಮೈ ತೇವ ಕಂಡರೆ ಬೆರಳಿನಿಂದ ಮುಟ್ಟಿ ನೋಡಬೇಡಿ. ಸೂಜಿಯಷ್ಟು ಸಣ್ಣ ಧಾರೆ ಚರ್ಮ ಸೀಳಿ ಒಳಹೊಕ್ಕರೆ ಬೆರಳೇ ಹೋಗಬಹುದು. ರಟ್ಟಿನ ತುಂಡು ಹಿಡಿದು ನೋಡಿ.

ವಾಲ್ವಿನ ಕೆಳಗೆ ಕೂರುವ ಸ್ಯಾಂಡ್‌ವಿಚ್ ಥ್ರಾಟಲ್ ತಂದರೆ ಒಂದು ಅನುಕೂಲ. ಹಲವು ಮಾಡೆಲ್‌ಗಳಲ್ಲಿ ಪ್ಲೇಟನ್ನು ತಿರುವಿ ಹಾಕಿದರೆ ಮೀಟರ್ ಇನ್ ಹೋಗಿ ಮೀಟರ್ ಔಟ್ ಆಗುತ್ತದೆ.

ಕೈ ಲಿವರ್, ಸೊಲೆನಾಯ್ಡ್, ಪ್ರಪೋರ್ಷನಲ್

ಲಿವರ್ ವಾಲ್ವನ್ನು ಹಳೆಯದು ಅಂತ ಬದಿಗೆ ತಳ್ಳಬೇಡಿ. ಒಬ್ಬ ಮನುಷ್ಯ ಎದುರಿಗೆ ನಿಂತು ನೋಡಿಕೊಂಡು ಮಾಡುವ ಕೆಲಸಕ್ಕೆ, ಉದಾಹರಣೆಗೆ ಬೇರಿಂಗ್ ಪ್ರೆಸ್, ಟ್ರ್ಯಾಕ್ಟರ್ ಟಿಪ್ಪರ್, ಕಟ್ಟಿಗೆ ಸೀಳುವ ಯಂತ್ರ, ಇದಕ್ಕಿಂತ ಒಳ್ಳೆಯದಿಲ್ಲ. ಲಿವರನ್ನು ಅರ್ಧ ಒತ್ತಿದರೆ ಅರ್ಧ ಹರಿವು. ಆ ನಯ ಸಾಮಾನ್ಯ ಸೊಲೆನಾಯ್ಡಿಗೆ ಇಲ್ಲ. ಕೈ ಬಿಟ್ಟರೆ ನಡುವಿಗೆ ಬರುವ ಸ್ಪ್ರಿಂಗ್ ಇರುವುದನ್ನೇ ತೆಗೆದುಕೊಳ್ಳಿ. ಇಟ್ಟಲ್ಲೇ ನಿಲ್ಲುವ ಡಿಟೆಂಟ್ ಲಿವರ್ ಪ್ರೆಸ್ಸಿಗೆ ಬೇಡ.

ಸೊಲೆನಾಯ್ಡಿನಲ್ಲಿ 230 ವೋಲ್ಟ್ ಎಸಿ ಮತ್ತು 24 ವೋಲ್ಟ್ ಡಿಸಿ ಎರಡೂ ಸಿಗುತ್ತವೆ. ನನ್ನ ಓಟು ಡಿಸಿಗೆ. ಎಸಿ ಕಾಯಿಲ್ ಬೇಗ ಎಳೆಯುತ್ತದೆ ನಿಜ. ಆದರೆ ಕಸ ಸಿಕ್ಕಿ ಸ್ಪೂಲ್ ಅರ್ಧಕ್ಕೇ ನಿಂತರೆ, ಶುರುವಿನಲ್ಲಿ ಎಳೆದ ದೊಡ್ಡ ಕರೆಂಟ್ ಹಾಗೇ ಉಳಿದು ಕಾಯಿಲ್ ಸುಟ್ಟುಹೋಗುತ್ತದೆ. ವೋಲ್ಟೇಜ್ ಇಳಿದಾಗಲೂ ಇದೇ ಕಥೆ. ಡಿಸಿ ಕಾಯಿಲ್ ಸ್ಪೂಲ್ ಸಿಕ್ಕಿಕೊಂಡರೂ ಸುಡುವುದಿಲ್ಲ. ಕಾಯಿಲಿನ ತುದಿಯಲ್ಲಿ ಕೈಯಿಂದ ಒತ್ತುವ ಪಿನ್ ಇದೆಯಾ ಅಂತ ನೋಡಿ ತನ್ನಿ. ಕರೆಂಟ್ ಹೋದಾಗ ಸ್ಕ್ರೂಡ್ರೈವರಿನಿಂದ ಒತ್ತಿ ಸ್ಪೂಲ್ ಸರಿಸಲು ಅದು ಬೇಕಾಗುತ್ತದೆ.

ಮೆಷಿನಿಂಗ್ ಫಿಕ್ಸ್ಚರಿನಲ್ಲಿ ಜಾಬ್ ಹಿಡಿಯುವ ಕ್ಲಾಂಪಿಗೆ ನನ್ನ ಪ್ರಶ್ನೆಯನ್ನು ಕೇಳಿ ನೋಡಿ. ಕರೆಂಟ್ ಹೋಯಿತು, ಸ್ಪಿಂಡಲ್ ಇನ್ನೂ ತಿರುಗುತ್ತಿದೆ. ಕ್ಲಾಂಪ್ ಬಿಡಬಾರದು. ಹಾಗಾದರೆ ಕ್ಲಾಂಪ್ ಬಿಡಲು ಕರೆಂಟ್ ಬೇಕಾಗುವಂತೆ ಒಂದೇ ಕಾಯಿಲಿನ ವಾಲ್ವ್ ಹಾಕಿ, ಅಥವಾ ಡಿಟೆಂಟ್ ಇರುವ ಎರಡು ಕಾಯಿಲಿನದು. ಡಿಟೆಂಟ್ ಇರುವುದನ್ನು ಸ್ಪೂಲ್ ಅಡ್ಡ ಮಲಗಿರುವಂತೆ ಕೂರಿಸಿ. ನಿಲ್ಲಿಸಿದರೆ ಸ್ಪೂಲ್ ತನ್ನ ಭಾರಕ್ಕೇ ಜಾರಬಹುದು. ಪಂಪೂ ನಿಲ್ಲುವುದರಿಂದ ಪಿ ಲೈನಿಗೊಂದು ಚೆಕ್ ವಾಲ್ವ್ ಕೂಡ ಬೇಕು. ಪ್ರೆಶರ್ ಸ್ವಿಚ್ ಒಂದಿದ್ದರೆ ಪ್ರೆಶರ್ ಬಿದ್ದ ತಕ್ಷಣ ಮೆಷಿನ್ ನಿಲ್ಲಿಸಬಹುದು.

ಪ್ರಪೋರ್ಷನಲ್ ವಾಲ್ವ್ ಕಾಯಿಲಿಗೆ ಕೊಟ್ಟ ಕರೆಂಟಿಗೆ ತಕ್ಕಷ್ಟು ತೆರೆಯುತ್ತದೆ. ಹೊರಡುವಾಗ ನಿಧಾನ, ನಡುವೆ ಜೋರು, ನಿಲ್ಲುವಾಗ ಮತ್ತೆ ನಿಧಾನ, ಎಲ್ಲವನ್ನೂ ಪಿಎಲ್‌ಸಿಯಿಂದ (ಯಂತ್ರ ನಡೆಸುವ ಪುಟ್ಟ ಕಂಪ್ಯೂಟರ್) ಮಾಡಬಹುದು. ಇದರ ಮೇಲಿನ ಮೆಟ್ಟಿಲು ಸರ್ವೋ ವಾಲ್ವ್. 1950ರ ದಶಕದಲ್ಲಿ ವಿಮಾನ ಮತ್ತು ಕ್ಷಿಪಣಿಗಳ ಕೆಲಸಕ್ಕೆ ಬೆಳೆದು ಬಂದ ವಾಲ್ವ್ ಅದು. ಎರಡನ್ನೂ ಕೊಳ್ಳುವ ಮುಂಚೆ ಎಣ್ಣೆಯನ್ನು ನೋಡಿ. ಸಾಮಾನ್ಯ ಸೊಲೆನಾಯ್ಡ್ ವಾಲ್ವ್ 10 ಮೈಕ್ರಾನಿನ ರಿಟರ್ನ್ ಫಿಲ್ಟರಿನಲ್ಲಿ ವರ್ಷಗಟ್ಟಲೆ ಬದುಕುತ್ತದೆ. ಸರ್ವೋ ವಾಲ್ವಿಗೆ ಅದರ ಮುಂದೆಯೇ 3 ಮೈಕ್ರಾನಿನ ಪ್ರೆಶರ್ ಫಿಲ್ಟರ್ ಬೇಕಾಗುತ್ತದೆ. ಟ್ಯಾಂಕಿನ ಮುಚ್ಚಳ ತೆರೆದಿಟ್ಟು, ಬಕೆಟಿನಿಂದ ಎಣ್ಣೆ ಸುರಿಯುವ ಜಾಗದಲ್ಲಿ ಪ್ರಪೋರ್ಷನಲ್ ಹಾಕಿದರೆ ದುಡ್ಡು ಎಣ್ಣೆಯಲ್ಲಿ ಹಾಕಿದಂತೆ. ಬರೀ ಎರಡು ವೇಗ ಬೇಕಿದ್ದರೆ ಎರಡು ಥ್ರಾಟಲ್, ಒಂದು ಸಣ್ಣ ಸೊಲೆನಾಯ್ಡ್ ಸಾಕು.

ರಿಲೀಫ್ ವಾಲ್ವ್

ಇದಿಲ್ಲದೆ ಪಂಪ್ ಓಡಿಸುವ ಮಾತೇ ಇಲ್ಲ. ಎಣ್ಣೆ ನೇರ ಸ್ಪ್ರಿಂಗನ್ನು ಒತ್ತಿ ತೆರೆಯುವ ಡೈರೆಕ್ಟ್ ಮಾದರಿ ಬೇಗ ತೆರೆಯುತ್ತದೆ, ಅಗ್ಗ. ಆದರೆ ಹರಿವು ಜಾಸ್ತಿಯಾದಂತೆ ಸೆಟ್ ಮಾಡಿದ್ದಕ್ಕಿಂತ ಮೇಲೇರುತ್ತದೆ, ಸದ್ದೂ ಮಾಡುತ್ತದೆ. ಒಳಗಿನ ಪುಟ್ಟ ವಾಲ್ವ್ ದೊಡ್ಡದನ್ನು ತೆರೆಸುವ ಪೈಲಟ್ ಮಾದರಿ ಸೆಟ್ ಮಾಡಿದ ಪ್ರೆಶರಿನ ಹತ್ತಿರವೇ ನಿಲ್ಲುತ್ತದೆ. ಅದರ ವೆಂಟ್ ಪೋರ್ಟಿಗೆ (ಒಳಗಿನ ಪೈಲಟ್ ಪ್ರೆಶರನ್ನು ಹೊರಬಿಡುವ ತೂತು) ಸಣ್ಣ ಸೊಲೆನಾಯ್ಡ್ ಸೇರಿಸಿ ಪಂಪನ್ನು ಹಗುರವೂ ಮಾಡಬಹುದು. ಮೇಲೆ ಹೇಳಿದ ಅನ್‌ಲೋಡಿಂಗ್ ಕೆಲಸ ಇದರಲ್ಲೇ ಆಗುತ್ತದೆ. 20 ಲೀಟರಿನ ಪ್ಯಾಕಿಗೆ ಡೈರೆಕ್ಟ್ ಸಾಕು. 60 ಲೀಟರ್ ದಾಟಿದರೆ ನಾನು ಪೈಲಟ್ ಮಾದರಿಯನ್ನೇ ಹಾಕುತ್ತೇನೆ.

ಅಳತೆ

ಎನ್‌ಜಿ6, ಎನ್‌ಜಿ10 ಅನ್ನುವ ವಾಲ್ವ್ ಅಳತೆಗಳಿಗೆ ಐಎಸ್‌ಒ 4401 ಅನ್ನುವ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ತೂತುಗಳ ಜಾಗ ಒಂದೇ ಇರುತ್ತದೆ. ಒಂದು ಕಂಪನಿಯ ವಾಲ್ವ್ ತೆಗೆದು ಇನ್ನೊಂದರದ್ದು ಕೂರಿಸಬಹುದು. ಎನ್‌ಜಿ6ರ ಕ್ಯಾಟಲಾಗಿನಲ್ಲಿ 60, 80 ಲೀಟರ್ ಅಂತ ಬರೆದಿರುತ್ತಾರೆ. ಅದು ಗರಿಷ್ಠ. ನಾನು 30ರ ಆಚೆಗೆ ಎನ್‌ಜಿ10 ಕಡೆ ನೋಡುತ್ತೇನೆ. ಅಳತೆ ಆರಿಸುವಾಗ ಪಂಪಿನ ಲೀಟರ್ ಮಾತ್ರ ನೋಡಿದರೆ ತಪ್ಪುತ್ತದೆ. ಸಿಲಿಂಡರ್ ಒಳಗೆ ಹೋಗುವಾಗ ರಾಡ್ ಬದಿಗೆ 20 ಲೀಟರ್ ಹೋದರೆ ಬೋರ್ ಬದಿಯಿಂದ 29 ಲೀಟರ್ ಹೊರಬರುತ್ತದೆ. ಅದೂ ಇದೇ ವಾಲ್ವಿನಲ್ಲೇ ಹೋಗಬೇಕು. ರಾಡ್ ದಪ್ಪ ಇದ್ದಷ್ಟೂ ಈ ಅಂಕಿ ದೊಡ್ಡದು.

ಕೂರಿಸುವಾಗ ಕೆಳಗಿನ ಓ ರಿಂಗುಗಳೆಲ್ಲ ಜಾಗದಲ್ಲಿವೆಯಾ ಅಂತ ಬೆರಳಿನಿಂದ ತಡವಿ ನೋಡಿ. ಎನ್‌ಜಿ6ರ ನಾಲ್ಕು ಎಂ5 ಬೋಲ್ಟುಗಳನ್ನು ಎದುರು ಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಎಷ್ಟು ಬಿಗಿಯಬೇಕು ಅಂತ ಕ್ಯಾಟಲಾಗಿನಲ್ಲಿ ಇದೆ, ಟಾರ್ಕ್ ವ್ರೆಂಚ್ ಇಟ್ಟುಕೊಳ್ಳಿ. ಸೋರಬಾರದು ಅಂತ ಪೈಪ್ ಹಾಕಿ ಎಳೆದು ಬಿಗಿದರೆ ವಾಲ್ವಿನ ಮೈ ಕೂದಲೆಳೆಯಷ್ಟು ಬಾಗುತ್ತದೆ. ಒಳಗಿನ ಸ್ಪೂಲಿಗೆ ಅಷ್ಟೇ ಸಾಕು, ಸಿಕ್ಕಿಕೊಳ್ಳುತ್ತದೆ. ಹೊಸ ವಾಲ್ವ್ ಕೆಲಸ ಮಾಡುತ್ತಿಲ್ಲ ಅಂತ ಯಾರಾದರೂ ಫೋನ್ ಮಾಡಿದರೆ ನಾನು ಮೊದಲು ಹೇಳುವುದು: ಪಂಪ್ ಆಫ್ ಮಾಡಿ, ಭಾರ ಕೆಳಗಿಳಿಸಿ, ಆ ನಾಲ್ಕು ಬೋಲ್ಟನ್ನು ಸಡಿಲ ಮಾಡಿ ಮತ್ತೆ ಸರಿಯಾಗಿ ಬಿಗಿದು ನೋಡಿ.